ಗಂಟಲು ಒಡೆಯೋದು ಯಾವಾಗ, ಗಡ್ಡ ಯಾವಾಗ?

ಪ್ರಶ್ನೆ: ಡಾಕ್ಟರ್ ಅಕ್ಕಾ, ನನಗೆ 24. ಮನೆಯವರಿಗೆ ಮಗಳು, ಆದ್ರೆ ನಾನು ಗಂಡು ಅನ್ನೋದು ನನಗೆ ಹೈಸ್ಕೂಲಿಂದಾನೇ ಗೊತ್ತು. ಡೊಂಬಿವಲಿಯಲ್ಲಿ ಪಿಜಿ, ಘಾಟ್‌ಕೋಪರ್‌ನಲ್ಲಿ ಕೆಲ್ಸ, ಅಪ್ಪ ಅಮ್ಮ ಗದಗಿನಲ್ಲಿ, ಅವರಿಗಿನ್ನೂ ಏನೂ ಹೇಳಿಲ್ಲ. ಟೆಸ್ಟೋಸ್ಟೆರಾನ್ (ಗಂಡು ಹಾರ್ಮೋನ್) ಶುರು ಮಾಡ್ಬೇಕು ಅಂತಿದೀನಿ. ಗಡ್ಡ ಎಷ್ಟು ತಿಂಗಳಿಗೆ ಬರುತ್ತೆ, ಪಿರಿಯಡ್ಸ್ ನಿಲ್ಲುತ್ತಾ, ಎದೆ ಕರಗುತ್ತಾ? ಜಿಮ್‌ನಲ್ಲೊಬ್ಬ ಡಾಕ್ಟರೆಲ್ಲ ಯಾಕೆ, ನಾನೇ ಇಂಜೆಕ್ಷನ್ ತಂದ್ಕೊಡ್ತೀನಿ ಅಂತಾನೆ. ತಗೊಳ್ಲಾ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ತಮ್ಮಾ, ಮೊದ್ಲು ಆ ಜಿಮ್‌ನವನ ವಿಷಯ ಮುಗಿಸೋಣ. ಬೇಡ. ಇದು ಶೆಡ್ಯೂಲ್ ಎಚ್ ಔಷಧಿ, ಡಾಕ್ಟರ್ ಚೀಟಿ ಇಲ್ದೆ ಮಾರೋ ಹಾಗಿಲ್ಲ, ಕದ್ದು ಮಾರೋ ಬಾಟಲಿಯೊಳಗೆ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಜಾಸ್ತಿ ಚುಚ್ಚಿಸ್ಕೊಂಡ್ರೆ ಗಡ್ಡ ಬೇಗ ಬರುತ್ತೆ ಅನ್ನೋದೂ ಸುಳ್ಳೇ, ಹೆಚ್ಚಾದದ್ರಲ್ಲಿ ಸ್ವಲ್ಪ ದೇಹದೊಳಗೇ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಆಗಿ ತಿರುಗಿಬಿಡುತ್ತೆ, ಮೇಲಿಂದ ರಕ್ತ ಮಂದ ಆಗುತ್ತೆ.

ನೀನು ಹೋಗ್ಬೇಕಾದ್ದು ಎಂಡೋಕ್ರೈನಾಲಜಿಸ್ಟ್, ಅಂದ್ರೆ ಹಾರ್ಮೋನ್ ಡಾಕ್ಟರ್ ಹತ್ರ. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಆ ವಿಭಾಗ ಇದೆ. ಸರಿಯಾಗಿ ಮಾತಾಡ್ಸೋ ಡಾಕ್ಟರ್ ಯಾರು ಅಂತ ಗೊತ್ತಾಗ್ಬೇಕಂದ್ರೆ ಸಾಂತಾಕ್ರೂಜ್‌ನ ಹಮ್‌ಸಫರ್ ಟ್ರಸ್ಟ್‌ನಲ್ಲಿ ಕೇಳು, ಅದು 1994ರಲ್ಲಿ ಶುರುವಾದ ಎಲ್‌ಜಿಬಿಟಿ ಜನರ ಸಂಸ್ಥೆ. ಶುರುವಿಗೆ ಮುಂಚೆ ಸಾಮಾನ್ಯವಾಗಿ ಸೈಕಿಯಾಟ್ರಿಸ್ಟ್ ಹತ್ರ ಒಂದಷ್ಟು ಮಾತುಕತೆ, ಆಮೇಲೆ ಹಿಮೋಗ್ಲೋಬಿನ್, ಕೊಲೆಸ್ಟ್ರಾಲ್, ಶುಗರ್, ಲಿವರ್ ಟೆಸ್ಟ್. ಮುಂದೆ ಸ್ವಂತ ಮಗು ಬೇಕು ಅನ್ನಿಸಬಹುದು ಅಂತಿದ್ರೆ ಅಂಡಾಣು ತೆಗೆದಿಡೋ ಮಾತು ಈಗಲೇ ಆಡು. ಇನ್ನೊಂದು, ಶೇಂಗಾ ತಿಂದ್ರೆ ಅಲರ್ಜಿ ಆಗುತ್ತಾ ನಿನಗೆ? ಆಗೋದಾದ್ರೆ ಹೇಳ್ಬಿಡು, ಇಲ್ಲಿ ಹೆಚ್ಚಾಗಿ ಕೊಡೋ ಇಂಜೆಕ್ಷನ್ ಸಸ್ಟನಾನ್‌ನಲ್ಲಿ ಶೇಂಗಾ ಎಣ್ಣೆ ಇರುತ್ತೆ (ಗದಗಿನವರಿಗೆ ಶೇಂಗಾ ಅಲರ್ಜಿ ಅಂದ್ರೆ ಪಾಪ ಅನ್ಸುತ್ತೆ, ಆದ್ರೂ ಕೇಳ್ಬೇಕು). ಅದು ಎರಡು-ಮೂರು ವಾರಕ್ಕೊಮ್ಮೆ. ಸುಮಾರು ಮೂರು ತಿಂಗಳಿಗೊಮ್ಮೆ ಹಾಕೋದೂ ಸಿಗುತ್ತೆ, ದಿನಾ ಹಚ್ಕೊಳ್ಳೋ ಜೆಲ್ಲೂ ಇದೆ.

ಈಗ ನಿನ್ನ ಪ್ರಶ್ನೆಗೆ. ಮೊದ್ಲು ಬರೋದು ಗಡ್ಡ ಅಲ್ಲಪ್ಪಾ, ಮೊಡವೆ. ಜಿಡ್ಡು ಮುಖ, ವಿಪರೀತ ಹಸಿವು, ಕಾಮದ ಬಯಕೆ ಜಾಸ್ತಿ, ಕೆಳಗೆ ಚಂದ್ರನಾಡಿ (ಕ್ಲಿಟೋರಿಸ್) ದೊಡ್ಡದಾಗೋದು, ಇವೆಲ್ಲ ಮೊದಲ ತಿಂಗಳುಗಳಲ್ಲೇ. ಪಿರಿಯಡ್ಸ್ ಬಹಳ ಜನಕ್ಕೆ ಆರು ತಿಂಗಳೊಳಗೆ ನಿಲ್ಲುತ್ತೆ, ಆದ್ರೆ ನಿಂತ್ರೂ ಗರ್ಭ ನಿಲ್ಲಬಹುದು, ಇದು ಗರ್ಭನಿರೋಧಕ ಅಲ್ಲ. ಗಡ್ಡ ಆರು ತಿಂಗಳಿಂದ ವರ್ಷದೊಳಗೆ ಅಲ್ಲಲ್ಲಿ ಚಿಗುರಿ, ತುಂಬೋಕೆ ನಾಲ್ಕೈದು ವರ್ಷ. ಅಪ್ಪನ ಮುಖ, ಸೋದರಮಾವನ ತಲೆ ನೋಡ್ಕೋ, ಗಡ್ಡದ ಜೊತೆ ಬೋಳು ತಲೆನೂ ವಂಶದಲ್ಲಿದ್ದಂಗೇ ಬರುತ್ತೆ. ಎದೆ ಕರಗಲ್ಲ, ಅದಕ್ಕೆ ಆಪರೇಷನ್ನೇ. ಅಲ್ಲೀವರೆಗೆ ಬೈಂಡರ್ (ಎದೆ ಚಪ್ಪಟೆ ಕಾಣಿಸೋ ಬಿಗಿ ಒಳಉಡುಪು) ಹಾಕೋದಾದ್ರೆ ದಿನಕ್ಕೆ ಎಂಟು ಗಂಟೆ ಸಾಕು, ಮಲಗುವಾಗ ಬೇಡ, ಕ್ರೇಪ್ ಬ್ಯಾಂಡೇಜ್ ಅಂತೂ ಸುತ್ಕೋಬೇಡ, ಪಕ್ಕೆಲುಬಿಗೆ ಪೆಟ್ಟಾಗುತ್ತೆ.

ನನಗೆ ಯೋಚನೆ ಇರೋದು ನಿನ್ನ ಗಂಟಲಿನದು. ಕೆಲವರಿಗೆ ಮೂರನೇ ತಿಂಗಳಲ್ಲೇ ಒಡೆಯೋಕೆ ಶುರು, ಮಾತಿನ ಮಧ್ಯ ಕೀಚಲು, ನೆಗಡಿ ಆದಂಗೆ, ಒಂದೆರಡು ವರ್ಷಕ್ಕೆ ಒಂದು ಹದಕ್ಕೆ ಬಂದು ನಿಲ್ಲುತ್ತೆ, ಆಮೇಲೆ ಔಷಧಿ ಬಿಟ್ರೂ ಹಿಂದಕ್ಕೆ ಹೋಗಲ್ಲ. ಗಡ್ಡನಾದ್ರೆ ಕೆರ್ಕೊಂಡು ಊರಿಗೆ ಹೋಗ್ಬಹುದು, ದನಿ ಫೋನ್‌ನಲ್ಲೇ ಗೊತ್ತಾಗುತ್ತೆ. ಪ್ರತಿ ಸಂಜೆ ಅಮ್ಮನಿಗೆ ಫೋನ್ ಮಾಡೋ ಮಗ ಎಷ್ಟು ವಾರ ನೆಗಡಿ ಅಂತ ಹೇಳ್ತೀಯಾ? ಹಂಗಾಗಿ ಮೊದಲ ಇಂಜೆಕ್ಷನ್‌ಗೆ ಮುಂಚೆನೇ ಮನೇಲಿ ಒಬ್ಬರಿಗಾದ್ರೂ, ಅಕ್ಕನೋ ಚಿಕ್ಕಮ್ಮನೋ, ಹೇಳಿಡು. ಮನೆಗೆ ಹೇಳಿದ್ರೆ ಜೀವಕ್ಕೇ ಅಪಾಯ ಅನ್ನೋ ಪರಿಸ್ಥಿತಿ ಇದ್ರೆ ಮಾತ್ರ ಬೇಡ, ಮೊದ್ಲು ಕೆಲ್ಸ, ಪಿಜಿ, ದುಡ್ಡು ಭದ್ರ ಮಾಡ್ಕೋ. ಲೋಕಲ್‌ನಲ್ಲಿ ಲೇಡೀಸ್ ಡಬ್ಬಾ ಯಾವತ್ತು ಬಿಡ್ಬೇಕು ಅನ್ನೋದೂ ದನಿಯೇ ತೀರ್ಮಾನ ಮಾಡುತ್ತೆ, ಜನರಲ್ ಡಬ್ಬಾ ರೂಢಿ ಮಾಡ್ಕೊಳ್ಳೋಕೆ ಬೆಳಗಿನ ಡೊಂಬಿವಲಿ ರಶ್ ಬೇಡ, ಭಾನುವಾರ ಮಧ್ಯಾಹ್ನ ಹತ್ತಿ ನೋಡು.

ಪ್ರಶ್ನೆ: ಮಗ (ಟ್ರಾನ್ಸ್) ಹಾರ್ಮೋನ್ ಶುರು ಮಾಡಿ ನಾಲ್ಕು ತಿಂಗಳಾಯ್ತು. ಮೂರೊತ್ತೂ ಹಸಿವು, ಮಾತೆತ್ತಿದ್ರೆ ಸಿಡುಕು. ಔಷಧಿ ನಿಲ್ಲಿಸ್ಲಾ?
– ಒಬ್ಬ ತಾಯಿ, ನಿಗಡಿ, ಪುಣೆ

ಉತ್ತರ: ನಿಲ್ಲಿಸ್ಬೇಡಿ ತಾಯಿ, ಅದು ಅವನೂ ಡಾಕ್ಟರೂ ಕೂತು ಮಾಡೋ ತೀರ್ಮಾನ. ಹಸಿವು ಸಹಜ, ಇನ್ನೊಂದು ರೊಟ್ಟಿ ಹಾಕಿ. ಸಿಡುಕು ಯಾವ ದಿನ ಜಾಸ್ತಿ ಅಂತ ಕ್ಯಾಲೆಂಡರ್‌ನಲ್ಲಿ ಅವನೇ ಗುರುತು ಹಾಕ್ಲಿ, ಇಂಜೆಕ್ಷನ್ ಹತ್ರ ಬಂದಾಗ ಅಥವಾ ಹಾಕಿಸ್ಕೊಂಡ ಮೇಲೆ ಅಂತ ಕಂಡ್ರೆ ಡೋಸ್ ಕಮ್ಮಿ ಮಾಡಿ ಬೇಗ ಬೇಗ ಕೊಡ್ತಾರೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗ್ಬೇಕು, ಅದ್ರಲ್ಲಿ ಹಿಮಾಟೊಕ್ರಿಟ್ (ರಕ್ತ ಎಷ್ಟು ಮಂದ ಆಗಿದೆ ಅನ್ನೋ ಲೆಕ್ಕ) ನೋಡಿದ್ರಾ ಅಂತ ಕೇಳಿ. ತಲೆನೋವು, ಮುಖ ಕೆಂಪಗಾಗೋದು ಇದ್ರೆ ಮುಂದಿನ ತಾರೀಖಿಗೆ ಕಾಯದೆ ಕರ್ಕೊಂಡು ಹೋಗಿ.