ಧೈರ್ಯ ಹೇಳಿದರೆ ಹೆಂಡತಿ ಸಿಟ್ಟಾಗುತ್ತಾಳೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ತೋಟ ಇದೆ. ಹೆಂಡತಿಗೆ 41 ವರ್ಷ, ಎಡಗಡೆ ಸ್ತನದ ಕ್ಯಾನ್ಸರ್. ಆಪರೇಷನ್ ಆಗಿದೆ, ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. 21 ದಿನಕ್ಕೊಮ್ಮೆ ಕಿಮೋಗೆ ಮಣಿಪಾಲಕ್ಕೆ ಹೋಗಿಬರುತ್ತೇವೆ. ಎರಡು ಮುಗಿದಿವೆ, ಕೂದಲೆಲ್ಲ ಉದುರಿದೆ. ‘ಧೈರ್ಯವಾಗಿರು, ಏನೂ ಆಗಲ್ಲ’ ಅಂದರೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಅಮ್ಮ ಯಾರೋ ಕೊಟ್ಟ ಮರದ ಚಕ್ಕೆಯ ಕಷಾಯ ಕುಡಿಸೋಣ ಅನ್ನುತ್ತಾರೆ. ಮುಂದಿನ ತಿಂಗಳು ಅಣ್ಣನ ಮಗಳ ಮದುವೆ. ಕೂದಲಿಲ್ಲದ ತಲೆಯಲ್ಲಿ ಶುಭಕಾರ್ಯಕ್ಕೆ ಬರೋದು ಬೇಡ ಅಂತಲೂ ಅಮ್ಮನ ಮಾತು. ನಾನು ಹೇಗೆ ನೋಡಿಕೊಳ್ಳಬೇಕು?

ಉತ್ತರ: ‘ಏನೂ ಆಗಲ್ಲ’ ಅನ್ನೋದನ್ನು ಮೊದಲು ಬಿಡಿ. ಅವರಿಗೆ ಆಗಲೇ ಆಗಿದೆ, ಅಲ್ವಾ? ಆಪರೇಷನ್ ಆಗಿದೆ, ಕೂದಲು ಹೋಗಿದೆ, ಬಾಯಿಗೆ ಯಾವುದೂ ಸೇರ್ತಾ ಇಲ್ಲ. ಆಗ ನಿಮ್ಮ ಮಾತು ಅವರ ಕಿವಿಗೆ ‘ಸಾಕು, ಇನ್ನು ಹೇಳಬೇಡ’ ಅಂತ ಬೀಳುತ್ತದೆ. ಕಿಮೋ ವಾರ್ಡಿನಲ್ಲಿ ನರ್ಸಾಗಿ ಇದನ್ನು ಎಷ್ಟು ಸಲ ನೋಡಿದ್ದೇನೋ! ಗಂಡ ಟೀ ತರೋಕೆ ಎದ್ದು ಹೋದ ತಕ್ಷಣ, ‘ಸಿಸ್ಟರ್, ಹೆದರಿಕೆ ಆಗ್ತಿದೆ, ಇವರ ಹತ್ರ ಹೇಳೋಕಾಗಲ್ಲ’ ಅನ್ನುತ್ತಾರೆ. ‘ಇವತ್ತು ಯಾವುದು ಜಾಸ್ತಿ ಕಷ್ಟ ಆಗ್ತಿದೆ?’ ಅಂತ ಕೇಳಿ ನೋಡಿ. ಕೇಳಿ ಸುಮ್ನೆ ಪಕ್ಕದಲ್ಲಿ ಕೂತಿರಿ. ಉತ್ತರ ಬರದಿದ್ದರೆ ಬೇಡ.

ಧೈರ್ಯ ಹೇಳುವ ಕೆಲಸದ ಬದಲು ಲೆಕ್ಕ ಇಡುವ ಕೆಲಸ ಹಿಡಿದುಕೊಳ್ಳಿ. ಗೋಡೆ ಕ್ಯಾಲೆಂಡರಿನಲ್ಲಿ ಕಿಮೋ ದಿನಕ್ಕೆ 1 ಅಂತ ಬರೆದು 21ರವರೆಗೆ ಎಣಿಸಿ. ಮೊದಲ ನಾಲ್ಕೈದು ದಿನ ವಾಕರಿಕೆ, ಸುಸ್ತು. ಸುಮಾರು 7ರಿಂದ 14ನೇ ದಿನದೊಳಗೆ ರಕ್ತದ ಬಿಳಿಕಣಗಳು ತೀರಾ ಇಳಿಯುತ್ತವೆ, ಸೋಂಕಿನ ಭಯ ಆಗಲೇ ಜಾಸ್ತಿ. ಮೂರನೇ ವಾರ ಮುಖಕ್ಕೆ ಸ್ವಲ್ಪ ಕಳೆ ಬರುತ್ತದೆ. ಹೋಗೋದು, ಬರೋದು, ನೆಂಟರನ್ನು ಕರೆಯೋದು ಎಲ್ಲವನ್ನೂ ಆ ಮೂರನೇ ವಾರಕ್ಕೆ ಇಟ್ಟುಕೊಳ್ಳಿ. ನಡುವಿನ ವಾರ ‘ನೋಡಿಕೊಂಡು ಹೋಗೋಣ ಅಂತ ಬಂದ್ವಿ’ ಅನ್ನುವವರನ್ನು ಜಗುಲಿಯಲ್ಲೇ ಮಾತಾಡಿಸಿ ಕಳಿಸಿ. ಒಂದು ಕೊಟ್ಟೆ ಸೇಬು, ಜೊತೆಗೆ ಕ್ಯಾನ್ಸರಿನಲ್ಲಿ ಸತ್ತ ಇನ್ಯಾರದೋ ಕಥೆ ತರುವವರು ಎಲ್ಲ ಊರಲ್ಲೂ ಇರುತ್ತಾರೆ.

ಮನೆಯಲ್ಲಿ ಥರ್ಮಾಮೀಟರ್ ಇದೆಯಾ? ಇಲ್ಲದಿದ್ದರೆ ಇವತ್ತೇ ತನ್ನಿ. ಹಣೆ ಮುಟ್ಟಿ ನೋಡುವುದು ಸಾಲದು. 100.4 ಡಿಗ್ರಿ ದಾಟಿದರೆ, ಅಥವಾ ಚಳಿ ನಡುಕ ಬಂದರೆ, ಅದು ಮಳೆಗಾಲದ ಸಾಮಾನ್ಯ ಜ್ವರ ಅಂದುಕೊಂಡು ಬೆಳಗಿನವರೆಗೆ ಕಾಯಬೇಡಿ. ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಲೂಬೇಡಿ, ಜ್ವರ ಇಳಿದ ಹಾಗೆ ಕಂಡು ಸೋಂಕು ಒಳಗೇ ಏರುತ್ತದೆ. ಮಣಿಪಾಲದ ಡಾಕ್ಟರಿಗೆ ಫೋನ್ ಮಾಡಿ, ಆದರೆ ರಾತ್ರಿಯಲ್ಲಿ ಘಾಟಿ ಇಳಿಯೋಕೆ ಹೊರಡಬೇಡಿ. ರಕ್ತ ಪರೀಕ್ಷೆ ಮಾಡಿ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಡುವ ಹತ್ತಿರದ ಆಸ್ಪತ್ರೆಗೆ ಹೋಗಿ. ಶಿವಮೊಗ್ಗಕ್ಕೇ ಹೋಗುವುದಾದರೂ ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್. ಹಾಗಾಗಿ ಊರಿನಲ್ಲಿ ಕಾರು ಇರುವ ಒಬ್ಬರಿಗೆ ಈಗಲೇ ಹೇಳಿಡಿ, ‘ರಾತ್ರಿ ಎರಡಕ್ಕೆ ಕರೆದರೂ ಬರ್ತೀಯಾ?’ ಅಂತ. ತಮ್ಮಂದಿರು, ಅಕ್ಕಪಕ್ಕದವರು ‘ಏನಾದ್ರೂ ಬೇಕಾದ್ರೆ ಹೇಳು’ ಅನ್ನುತ್ತಾರಲ್ಲ, ಅವರಿಗೆ ಕೊಡಬೇಕಾದ ಕೆಲಸ ಇಂಥದ್ದು. ಕೊಯ್ಲಿನ ಸಮಯದಲ್ಲಿ ಅಡಿಕೆ ಸುಲಿತ ನೋಡಿಕೊಳ್ಳೋದನ್ನೂ ಅವರಿಗೆ ಒಪ್ಪಿಸಿ.

ಕಿಮೋ ಮುಗಿಸಿ ಬರುವಾಗ ಆಗುಂಬೆ ಘಾಟಿಯ 14 ತಿರುವು ಹತ್ತಬೇಕು. ವಾಂತಿ ಮಾತ್ರೆಯನ್ನು ಯಾವಾಗ ಕೊಡಬೇಕು ಅಂತ ಅಲ್ಲೇ ಕೇಳಿಕೊಂಡು ಹೊರಡಿ. ಮುಂದಿನ ಸೀಟಿನಲ್ಲಿ ಕೂರಿಸಿ.

ಅಡುಗೆ ವಿಷಯಕ್ಕೆ ಬಂದರೆ, ಒಗ್ಗರಣೆ ವಾಸನೆಗೇ ವಾಕರಿಕೆ ಬರುವ ದಿನಗಳಿರುತ್ತವೆ. ಗಂಜಿ, ತಿಳಿಸಾರು, ಇಡ್ಲಿ ಸ್ವಲ್ಪ ಸ್ವಲ್ಪವಾಗಿ ಆಗಾಗ ಕೊಡಿ. ಬಾವಿ ನೀರು ಕುದಿಸಿ ಆರಿಸಿದ್ದೇ ಇರಲಿ. ಒಂದೆಲಗದ ಹಸಿ ತಂಬುಳಿ ಆ ನಡುವಿನ ವಾರ ಬೇಡ, ಸೊಪ್ಪನ್ನು ಚೆನ್ನಾಗಿ ಬೇಯಿಸಿ ಮಾಡಿದ ಪಲ್ಯವೋ ಸಾರೋ ಆಗುತ್ತದೆ.

ಚಕ್ಕೆ ಕಷಾಯ ಮಾತ್ರ ಈಗ ಬೇಡವೇ ಬೇಡ. ನಾಟಿ ಔಷಧಿ ಮೇಲೆ ಮಲೆನಾಡಿನವರಿಗಿರುವ ನಂಬಿಕೆ ನನಗೂ ಗೊತ್ತು, ನಾನೂ ಇಲ್ಲಿಯವಳೇ. ಆದರೆ ಎಷ್ಟೋ ಕಿಮೋ ಔಷಧಿಗಳನ್ನು ಅರಗಿಸುವ ಕೆಲಸ ಲಿವರಿನದು. ಏನಿದೆ ಅಂತ ಗೊತ್ತಿಲ್ಲದ ಕಷಾಯ ಅದರ ಮೇಲೆ ಬಿದ್ದರೆ ಲಿವರ್ ಸೋಲಬಹುದು, ಮುಂದಿನ ಕಿಮೋನೇ ತಪ್ಪಬಹುದು. ಅಮ್ಮನ ಹತ್ತಿರ ಜಗಳ ಆಡಬೇಡಿ. ‘ಡಾಕ್ಟರಿಗೆ ತೋರಿಸಿ ಕೇಳ್ತೀನಿ’ ಅಂತ ಆ ಪೊಟ್ಟಣ ಚೀಲಕ್ಕೆ ಹಾಕಿಕೊಳ್ಳಿ, ಹೋದಾಗ ನಿಜವಾಗಿಯೂ ತೋರಿಸಿ. ಬೇಡ ಅನ್ನೋ ಮಾತು ಡಾಕ್ಟರ್ ಬಾಯಿಂದ ಬಂದರೆ ಹಿರಿಯರಿಗೆ ಒಪ್ಪಿಕೊಳ್ಳೋದು ಸುಲಭ.

ಎಡಗೈ ಬಗ್ಗೆ ನೀವು ಕೇಳಿಲ್ಲ, ನಾನು ಹೇಳಲೇಬೇಕು. ಕಂಕುಳಿನ ಗಂಟು ತೆಗೆದ ಮೇಲೆ ಆ ಕೈ ಬಾವು ಬರುವ ಸಾಧ್ಯತೆ ಇರುತ್ತದೆ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯೋದು, ಬಾವಿಯಿಂದ ನೀರು ಸೇದೋದು ಸದ್ಯಕ್ಕೆ ಬೇಡ. ಸಣ್ಣ ಗಾಯದಿಂದಲೂ ಸೋಂಕಾಗಿ ಕೈ ಊದಬಹುದು. ಬಿಪಿ ನೋಡೋದು, ಸೂಜಿ ಚುಚ್ಚೋದು ಬಲಗೈಗೇ ಆಗಲಿ. ಹಾಗಂತ ಎಡಗೈಯನ್ನು ಮಡಿಲಲ್ಲಿಟ್ಟು ಕೂರಬಾರದು. ಗೋಡೆಯ ಮೇಲೆ ಬೆರಳು ನಡೆಸುತ್ತಾ ದಿನಾ ಸ್ವಲ್ಪ ಮೇಲೆ ಹತ್ತಿಸಬೇಕು. ಎಲ್ಲಿಯವರೆಗೆ ಹೋಯಿತೋ ಅಲ್ಲಿ ನೀವು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಬಳೆ ಬಿಗಿ ಆಗ್ತಿದೆ ಅಂದರೆ ಡಾಕ್ಟರಿಗೆ ಹೇಳಿ.

ಖರ್ಚಿನ ವಿಷಯವೂ ಒಂದು ಮಾತು: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ.

ಇನ್ನು ಮದುವೆ. ಕೂದಲು ಹೋದದ್ದು ಔಷಧಿಯಿಂದ, ಕಿಮೋ ಎಲ್ಲ ಮುಗಿದ ಮೇಲೆ ಮತ್ತೆ ಬರುತ್ತದೆ. ಅಪಶಕುನದ ಮಾತು ನಿಮ್ಮ ಹೆಂಡತಿಯ ಕಿವಿಗೂ ಬಿದ್ದೇ ಇರುತ್ತದೆ. ಗೋಡೆ ಕಡೆ ತಿರುಗೋದಕ್ಕೆ ಅದೂ ಒಂದು ಕಾರಣ ಇರಬಹುದು. ಹೋಗೋದಾ ಬೇಡವಾ ಅಂತ ತೀರ್ಮಾನ ಮಾಡಬೇಕಾದವರು ಅವರು. ಅಮ್ಮನೂ ಅಲ್ಲ, ನೀವೂ ಅಲ್ಲ. ಹೋಗ್ತೀನಿ ಅಂದರೆ ಮೊದಲು ಕ್ಯಾಲೆಂಡರ್ ನೋಡಿ. ಮದುವೆ ದಿನ ಕಿಮೋ ಎಣಿಕೆಯ 15ರಿಂದ 20ನೇ ದಿನದೊಳಗೆ ಬಂದು, ಡಾಕ್ಟರೂ ಹೂಂ ಅಂದರೆ ಹೊರಡಿ. ಮೆತ್ತನೆ ಹತ್ತಿ ಬಟ್ಟೆಯನ್ನು ತಲೆಗೆ ಕಟ್ಟಿಕೊಳ್ಳುತ್ತಾರೋ, ವಿಗ್ ಹಾಕಿಕೊಳ್ಳುತ್ತಾರೋ, ಹಾಗೇ ಬರುತ್ತಾರೋ ಅವರಿಷ್ಟ. ಛತ್ರದಲ್ಲಿ ಗಾಳಿ ಆಡುವ ಕಡೆ ಕೂರಿಸಿ. ಧಾರೆ ಮುಗಿದ ಮೇಲೆ, ಊಟದ ನೂಕುನುಗ್ಗಲಿಗೆ ಮೊದಲೇ, ಅಕ್ಷತೆ ಹಾಕಿಸಿ ಕರೆದುಕೊಂಡು ಬನ್ನಿ. ಅನ್ನ, ಸಾರು ಬೆಳಿಗ್ಗೆಯೇ ಮಾಡಿಟ್ಟು ಹೊರಡಬೇಡಿ, ಬಂದ ಮೇಲೆ ಬಿಸಿಯಾಗಿ ಮಾಡಿ. ಅವತ್ತು ನೀವೇ ಮಾಡಿ.