ಲಿಖಿತ ಸಂವಿಧಾನ ಇಲ್ಲದೆ ಒಕ್ಕೂಟ ನಡೆಯುತ್ತಾ?

ಬ್ರಿಟನ್ ಲಿಖಿತ ಸಂವಿಧಾನ ಇಲ್ಲದೆ ನಡೆಯುತ್ತಿದೆ, ನಮ್ಮಂಥ ಒಕ್ಕೂಟಕ್ಕೆ, ಅಂದರೆ ಕೇಂದ್ರ ಮತ್ತು ರಾಜ್ಯಗಳು ಅಧಿಕಾರ ಹಂಚಿಕೊಂಡಿರುವ ದೇಶಕ್ಕೆ, ಮಾತ್ರ ಯಾಕೆ ಬೇಕು ಅಂತ ಕೇಳಿದ್ದೀರಿ. ಬ್ರಿಟನ್ ಒಕ್ಕೂಟವೇ ಅಲ್ಲವಲ್ಲ, ವ್ಯತ್ಯಾಸ ಇರುವುದೇ ಅಲ್ಲಿ. ಉತ್ತರ ಐರ್ಲೆಂಡಿಗೆ 1921ರಿಂದ ತನ್ನದೇ ಪಾರ್ಲಿಮೆಂಟ್ ಇತ್ತು. 1972ರಲ್ಲಿ ಲಂಡನ್ ಅದನ್ನು ಅಮಾನತಿನಲ್ಲಿಟ್ಟಿತು, ಮರುವರ್ಷ ಒಂದು ಸಾಮಾನ್ಯ ಕಾಯ್ದೆ ಮಾಡಿ ರದ್ದೇ ಮಾಡಿಬಿಟ್ಟಿತು. ಅದನ್ನು ತಡೆಯಲು ಅಲ್ಲಿ ಲಿಖಿತ ಸಂವಿಧಾನ ಇರಲಿಲ್ಲ.

ನಮ್ಮ ಬೊಮ್ಮಾಯಿ ಪ್ರಕರಣ ನೋಡಿ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದರೂ ಕೇಳದೆ, ಕೇಂದ್ರ ಸರ್ಕಾರ ರಾಜ್ಯಪಾಲರ ವರದಿ ಹಿಡಿದುಕೊಂಡು, ರಾಷ್ಟ್ರಪತಿ ಆಳ್ವಿಕೆ ಹೇರಲು ಇರುವ ಸಂವಿಧಾನದ 356ನೇ ವಿಧಿಯಡಿ ಅವರ ಸರ್ಕಾರವನ್ನು ವಜಾ ಮಾಡಿತು. ಅದು ತಪ್ಪು, ಬಹುಮತದ ಲೆಕ್ಕ ಆಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಅಂತ 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತು. ಅಷ್ಟರಲ್ಲಿ ಇಲ್ಲಿ ಬೇರೆ ಚುನಾವಣೆಯೇ ಮುಗಿದಿತ್ತು, ಅವರಿಗೆ ಕುರ್ಚಿ ವಾಪಸ್ ಬರಲಿಲ್ಲ. ನನಗೆ ಈಗಲೂ ಅದು ಬೇಸರದ ವಿಷಯ. ಆದರೆ ಆಮೇಲೆ ಬಂದ ರಾಜ್ಯ ಸರ್ಕಾರಗಳಿಗೆ ದೊಡ್ಡ ರಕ್ಷಣೆ ಸಿಕ್ಕಿತು. ಬರೆದಿಟ್ಟ ವಿಧಿ ಕಣ್ಣೆದುರು ಇದ್ದದ್ದಕ್ಕೇ ಅಲ್ವಾ ಕೋರ್ಟು ಕೇಂದ್ರವನ್ನು ಪ್ರಶ್ನೆ ಮಾಡಲು ಆಗಿದ್ದು?

ಹಾಗಂತ ಸುಮ್ನೆ ಬರೆದಿಟ್ಟರೆ ಸಾಲದು, ಏನು ಬರೆದಿದೆ ಅನ್ನುವುದೂ ಮುಖ್ಯ. 3ನೇ ವಿಧಿಯ ಪ್ರಕಾರ ರಾಜ್ಯದ ಗಡಿ ಬದಲಿಸುವಾಗ ವಿಧಾನಸಭೆಯ ಅಭಿಪ್ರಾಯ ಕೇಳಬೇಕು ಅಷ್ಟೇ, ಒಪ್ಪಿಗೆ ಬೇಕಿಲ್ಲ. 2014ರಲ್ಲಿ ಆಂಧ್ರ ವಿಧಾನಸಭೆ ಬೇಡ ಅಂದರೂ ತೆಲಂಗಾಣ ಆಯಿತಲ್ಲ.