ಡಬ್ಬಿಯ ವಾಸನೆ ಬೇರೆ, ಬಾಯಿಯ ರುಚಿ ಬೇರೆ

ಹಿಂದಿನ ಸಂಚಿಕೆಯಲ್ಲಿ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ: ಪೈಪಿಗೆ ತುಂಬುವ ಬ್ಲೆಂಡ್ ತಂಬಾಕಿನಲ್ಲಿ ಯಾವ ಯಾವ ಎಲೆ ಸೇರಿದೆ ಅಂತ ಸಾವಧಾನವಾಗಿ ಸೇದಿದರೆ ಬಾಯಿಯೇ ಹೇಳುತ್ತದೆ, ಡಬ್ಬಿ ಮೇಲಿನ ಬರಹ ಬೇಕಿಲ್ಲ ಅಂತ. ಬಂದ ಪತ್ರಗಳಲ್ಲಿ ಅರ್ಧ ಪ್ರಶ್ನೆ, ಅರ್ಧ ಬೈಗುಳ. ಬೈಗುಳಕ್ಕೂ ಕೆಳಗೆ ಉತ್ತರ ಇದೆ.

ಪ್ರಶ್ನೆ: ನಮ್ಮ ತಾತ ಕೆಜಿಎಫ್ ಗಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಸಾಹೇಬರು ದೇಶಕ್ಕೆ ವಾಪಸ್ ಹೋಗುವಾಗ ಕೊಟ್ಟ ಪೈಪ್ ಮನೆಯಲ್ಲಿದೆ. ಈಗ ಭಾವಮೈದ ವಿದೇಶದಿಂದ ಒಂದು ಡಬ್ಬಿ 'ಇಂಗ್ಲಿಷ್ ಮಿಕ್ಸ್‌ಚರ್' ತಂದಿದ್ದಾನೆ. ಮುಚ್ಚಳ ತೆಗೆದರೆ ಸುಟ್ಟ ಟೈರಿನ ವಾಸನೆ. ಹಾಳಾಗಿದೆಯಾ? ಒಳ್ಳೆಯದೋ ಕೆಟ್ಟದ್ದೋ ಹೇಗೆ ನೋಡೋದು? — ರಾಬರ್ಟ್‌ಸನ್‌ಪೇಟೆಯ ಓದುಗರು

ಉತ್ತರ: ಹಾಳಾಗಿಲ್ಲ. ಅದು ಲಟಾಕಿಯಾ. ಸಿರಿಯಾದ ಬಂದರು ಊರಿನ ಹೆಸರು ಅದು, ಈಗ ಎಲೆ ಹೆಚ್ಚಾಗಿ ಬರೋದು ಸೈಪ್ರಸ್‌ನಿಂದ. ಎಲೆಯನ್ನು ಬಿಸಿಲಲ್ಲಿ ಒಣಗಿಸಿ, ಆಮೇಲೆ ಮುಚ್ಚಿದ ಕೊಟ್ಟಿಗೆಯಲ್ಲಿ ತೂಗುಹಾಕಿ, ಪೈನ್, ಮಿರ್ಟಲ್ ತರಹದ ಅಂಟುವಾಸನೆಯ ಕಟ್ಟಿಗೆ ಹೊಗೆಯನ್ನು ವಾರಗಟ್ಟಲೆ ಕುಡಿಸುತ್ತಾರೆ. ಕಪ್ಪಗಾಗುತ್ತದೆ, ಆ ವಾಸನೆ ಬರುತ್ತದೆ. ಡಬ್ಬಿಯಲ್ಲಿರುವುದನ್ನು ಒಂದು ಬಿಳಿ ತಟ್ಟೆಗೆ ಸುರಿದು ನೋಡಿ, ಮೂರು ಬಣ್ಣ ಕಾಣಿಸುತ್ತದೆ: ಹಳದಿ-ಕಂದು ಚೂರು ವರ್ಜೀನಿಯಾ, ಹಸಿರು ಛಾಯೆಯ ಚಿಕ್ಕ ಚೂರು ಓರಿಯಂಟಲ್ ಅಂದರೆ ಟರ್ಕಿ, ಗ್ರೀಸ್ ಕಡೆಯ ಬಿಸಿಲಲ್ಲಿ ಒಣಗಿದ ಎಲೆ, ಕರ್ರಗಿರೋದು ಲಟಾಕಿಯಾ. ಇಂಗ್ಲಿಷ್ ಮಿಕ್ಸ್‌ಚರ್ ಅಂದರೆ ಸಾಮಾನ್ಯವಾಗಿ ಈ ಮೂರೇ. ತಮಾಷೆ ಏನೆಂದರೆ, ಇಷ್ಟು ಜೋರು ವಾಸನೆಯ ಲಟಾಕಿಯಾದಲ್ಲಿ ನಿಕೋಟಿನ್ ಕಡಿಮೆ.

ಆದರೆ ತಾತನ ಪೈಪಿನಲ್ಲಿ ಮೊದಲ ಪರೀಕ್ಷೆ ಮಾಡಬೇಡಿ. ಗಣಿ ನಡೆಸುತ್ತಿದ್ದ ಬ್ರಿಟಿಷರ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂದಿದ್ದು 1880ರಲ್ಲಿ, ಗಣಿ ಸರ್ಕಾರದ ಕೈಗೆ ಬಂದಿದ್ದು 1956ರಲ್ಲಿ. ತಾತನ ಸಾಹೇಬರು ಆ ಸುಮಾರಿಗೆ ಹೊರಟಿದ್ದರೆ ಪೈಪಿಗೆ ಅರವತ್ತು ಎಪ್ಪತ್ತು ವರ್ಷ ಅಂತ ಲೆಕ್ಕ. ಆ ಕಾಲದ ಪೈಪುಗಳಲ್ಲಿ ಬಾಯಿಗಿಡುವ ಭಾಗ ಹೆಚ್ಚಾಗಿ ವಲ್ಕನೈಟ್, ಅಂದರೆ ಗಂಧಕ ಸೇರಿಸಿದ ಗಟ್ಟಿ ರಬ್ಬರ್. ಬೆಳಕಿಗೆ ಬಿದ್ದು ಬಿದ್ದು ಹಳದಿ-ಹಸಿರಾಗಿರುತ್ತದೆ, ನಾಲಿಗೆಗೆ ತಾಗಿದ ಕೂಡಲೇ ಕಹಿ. ಆ ಕಹಿಯನ್ನು ನೀವು ತಂಬಾಕಿನ ತಲೆಗೆ ಕಟ್ಟುತ್ತೀರಿ. ಟೂತ್‌ಪೇಸ್ಟ್ ಹಾಕಿ ಒದ್ದೆ ಬಟ್ಟೆಯಲ್ಲಿ ಉಜ್ಜಿ, ಹೊಳಪು ಕಪ್ಪು ಬರುವ ತನಕ. ಬಟ್ಟಲಿನ (ಪೈಪಿನಲ್ಲಿ ತಂಬಾಕು ತುಂಬುವ ಗುಳಿ) ಒಳಗೆ ಕಟ್ಟಿರುವ ಮಸಿ ಪದರವನ್ನು ಒಂದು ಒಂದೂವರೆ ಮಿಲಿಮೀಟರ್ ಉಳಿಸಿ ಕೆರೆದು ತೆಗೆಯಿರಿ, ಪೂರ್ತಿ ಕೆರೆದರೆ ಮರವೇ ಸುಡುತ್ತದೆ. ಇನ್ನೊಂದು, ಪೈಪ್ ಬಿಸಿಯಿರುವಾಗ ಎರಡು ಭಾಗವನ್ನು ತಿರುಗಿಸಿ ಬಿಚ್ಚಲೇಬೇಡಿ, ಒಳಗಿನ ಕೊಳವೆ ಮುರಿಯುತ್ತದೆ.

ಇನ್ನು ರುಚಿ ನೋಡೋದು. ಡಬ್ಬಿಯ ವಾಸನೆಗೆ ನಾನು ಅಂಕವೇ ಕೊಡುವುದಿಲ್ಲ. ತಟ್ಟೆಯಲ್ಲಿ ಅರ್ಧ ಗಂಟೆ ಗಾಳಿಗೆ ಬಿಟ್ಟು ಆಮೇಲೆ ಮೂಸಿ, ಮೇಲಿನ ಅಬ್ಬರ ಹೋಗಿ ಎಲೆಯ ಸ್ವಂತ ವಾಸನೆ ಉಳಿದಿರುತ್ತದೆ. ಬಟ್ಟಲಿಗೆ ಕೆಳಗೆ ಸಡಿಲವಾಗಿ, ಮೇಲೆ ಸ್ವಲ್ಪ ಬಿಗಿಯಾಗಿ ತುಂಬಿ. ಬೆಂಕಿಕಡ್ಡಿ ಗೀರಿದ ಮೇಲೆ ತುದಿಯ ಮದ್ದು ಉರಿದು ಹೋಗುವ ತನಕ ಕಾಯಿರಿ, ಇಲ್ಲದಿದ್ದರೆ ಮೊದಲ ದಮ್ಮಿನಲ್ಲಿ ಅದರದ್ದೇ ರುಚಿ. ಒಮ್ಮೆ ಹಚ್ಚಿ, ಉಬ್ಬಿ ಬಂದ ತಂಬಾಕನ್ನು ಮೆಲ್ಲಗೆ ಒತ್ತಿ, ಮತ್ತೆ ಹಚ್ಚಿ. ಆಮೇಲೆ ಬಿಸಿ ಟೀ ಗುಟುಕರಿಸುವ ಹಾಗೆ ಸಣ್ಣ ಸಣ್ಣದಾಗಿ ಎಳೆಯಿರಿ. ಹೊಗೆ ಎದೆಗೆ ಇಳಿಸುವುದಿಲ್ಲ, ಬಾಯಲ್ಲಿಟ್ಟುಕೊಂಡು ಅದರಲ್ಲಿ ಸ್ವಲ್ಪವನ್ನು ಮಾತ್ರ ಮೂಗಿನಿಂದ ಬಿಡಿ. ನಾಲಿಗೆಗೆ ಗೊತ್ತಾಗೋದು ಸಿಹಿ, ಹುಳಿ, ಉಪ್ಪು, ಕಹಿಯಂಥ ಒಂದಿಷ್ಟು ಮಾತ್ರ, ಮಿಕ್ಕ ಎಲ್ಲ ವ್ಯತ್ಯಾಸ ಮೂಗಿನಲ್ಲಿ.

ಒಂದು ಬಟ್ಟಲನ್ನು ಮೂರು ಪಾಲು ಮಾಡಿ ನೋಡಿ. ಮೊದಲ ಪಾಲಿನಲ್ಲಿ ಲಟಾಕಿಯಾ ಒಂದೇ ಕೂಗುತ್ತದೆ. ಮಧ್ಯದಲ್ಲಿ ವರ್ಜೀನಿಯಾದ ಸಿಹಿ ಬಂತಾ, ಓರಿಯಂಟಲ್‌ನ ಸಣ್ಣ ಹುಳಿ ಬಂತಾ? ಕೊನೆಯ ಪಾಲಿನಲ್ಲಿ ಕಹಿಯಾಗದೆ ಉಳೀತಾ? ನನ್ನ ಪ್ರಕಾರ ಬ್ಲೆಂಡ್‌ನ ಯೋಗ್ಯತೆ ತಿಳಿಯೋದು ಮಧ್ಯದ ಪಾಲಿನಲ್ಲೇ. ಮೊದಲಿಂದ ಕೊನೆತನಕ ಬರೀ ಹೊಗೆಯ ರುಚಿ ಅಂದರೆ ಲಟಾಕಿಯಾ ಜಾಸ್ತಿ ಸುರಿದು ಅಗ್ಗದ ಎಲೆ ಮುಚ್ಚಿದ್ದಾರೆ ಅಂತ ನನಗೆ ಅನುಮಾನ ಬರುತ್ತದೆ. ಕೊನೆಗೆ ಬೂದಿ ನೋಡಿ. ಬೂದು-ಬಿಳಿಯಾಗಿ, ಪುಡಿಪುಡಿಯಾಗಿ, ತಳದಲ್ಲಿ ಒದ್ದೆ ಮುದ್ದೆ ಇಲ್ಲದೆ ಇದ್ದರೆ ಸರಿಯಾಗಿ ಉರಿದಿದೆ.

ಒಂದೇ ಬಟ್ಟಲಿಗೆ ತೀರ್ಪು ಕೊಡಬೇಡಿ. ಬಸ್ಸಾರು ಮುದ್ದೆ ಉಂಡೆದ್ದ ಬಾಯಲ್ಲಂತೂ ಬೇಡವೇ ಬೇಡ, ಅದರ ಖಾರ ಇಳಿಯೋಕೆ ಒಂದು ಗಂಟೆಯಾದರೂ ಬೇಕು. ಹಾಗಂತ ಖಾಲಿ ಹೊಟ್ಟೆಯಲ್ಲೂ ಬೇಡ, ತಲೆ ತಿರುಗುತ್ತದೆ.

ಪ್ರಶ್ನೆ: ಯಾವ ತಂಬಾಕು ತಂದರೂ ನಾಲಿಗೆ ಉರಿಯುತ್ತದೆ, ಎಲ್ಲದರ ರುಚಿಯೂ ಒಂದೇ. ದುಡ್ಡು ದಂಡ ಅನ್ನಿಸಿದೆ. — ತುಮಕೂರು, ಬಟವಾಡಿ

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ 'ಹತ್ತು ನಿಮಿಷದಲ್ಲಿ ಒಂದು ಬಟ್ಟಲು ಮುಗಿಯುತ್ತದೆ' ಅಂತ ಬರೆದಿದ್ದೀರಿ. ಕಾರಣ ಅಲ್ಲೇ ಇದೆ. ಅದು ಮುಕ್ಕಾಲು ಗಂಟೆಯ ಕೆಲಸ. ನೀವು ಸಿಗರೇಟ್ ಸೇದುವ ವೇಗದಲ್ಲಿ ಎಳೀತಾ ಇದ್ದೀರಿ, ಕೆಂಡ ಕಾಯುತ್ತದೆ, ಎಲೆಯ ತೇವ ಹಬೆಯಾಗಿ ನೇರ ನಾಲಿಗೆಗೆ ಬಡಿಯುತ್ತದೆ. ಸುಟ್ಟ ನಾಲಿಗೆಗೆ ಎಲ್ಲವೂ ಒಂದೇ ರುಚಿ. ಬಟ್ಟಲನ್ನು ಕೆನ್ನೆಗೆ ಒತ್ತಿ ನೋಡಿ, ಹಿಡಿಯಲಾಗದಷ್ಟು ಬಿಸಿಯಿದ್ದರೆ ಕೆಳಗಿಡಿ. ಆರಿದರೆ ಆರಲಿ, ಮತ್ತೆ ಹಚ್ಚಿದರಾಯಿತು. ಅದರಲ್ಲಿ ಮರ್ಯಾದೆ ಹೋಗೋದೇನಿಲ್ಲ.

ಎರಡನೆಯದು ತೇವ. ಚಿಟಿಕೆ ತಂಬಾಕನ್ನು ಎರಡು ಬೆರಳಲ್ಲಿ ಒತ್ತಿ ಬಿಡಿ. ಉಂಡೆಯಾಗಿ ಹಾಗೇ ಕೂತರೆ ಒದ್ದೆ ಜಾಸ್ತಿ, ಚಟಚಟ ಮುರಿದರೆ ಒಣಗಿದೆ, ನಿಧಾನವಾಗಿ ಬಿಚ್ಚಿಕೊಂಡರೆ ಸರಿ. ನೂರಕ್ಕೆ 12ರಿಂದ 14 ಭಾಗ ತೇವ ಅಂತ ಬಲ್ಲವರು ಹೇಳುತ್ತಾರೆ, ಅದನ್ನು ಅಳೆಯೋಕೆ ಬೆರಳೇ ಸಾಕು. ಡಬ್ಬಿಯಿಂದ ಬಂದದ್ದು ಸಾಮಾನ್ಯವಾಗಿ ಒದ್ದೆಯಿರುತ್ತದೆ, ಹರಡಿಡಿ. ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಮರೆತು ಬಿಟ್ಟರೆ ಸಂಜೆಯೊಳಗೆ ನಶ್ಯ ಆಗುತ್ತದೆ. ಒಣಗಿದ್ದಕ್ಕೆ ತೇವ ಬರಲಿ ಅಂತ ಕೆಲವರು ಆಲೂಗಡ್ಡೆ ತುಂಡು ಹಾಕಿಡುತ್ತಾರೆ, ಬೂಷ್ಟು ಗ್ಯಾರಂಟಿ. ಅದರ ಬದಲು ತಂಬಾಕನ್ನು ಅಡುಗೆಮನೆಯ ಬಟ್ಟಲಲ್ಲಿ ಹಾಕಿ, ಅದರ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಬಟ್ಟೆ ತಂಬಾಕಿಗೆ ತಾಗದಂತೆ ಒಂದು ರಾತ್ರಿ ಇಡಿ. ಆಮೇಲೆ ಗಾಜಿನ ಬಾಟಲಿಗೆ ತುಂಬಿ. ಉಪ್ಪಿನಕಾಯಿ ಬಾಟಲಿ ಬೇಡ, ಎಷ್ಟು ತೊಳೆದರೂ ಮುಚ್ಚಳದ ರಬ್ಬರಿನಲ್ಲಿ ಇಂಗು ಕೂತಿರುತ್ತದೆ.

ಪ್ರಶ್ನೆ: ವೆನಿಲ್ಲಾ ತಂಬಾಕು. ಡಬ್ಬಿ ತೆಗೆದರೆ ಬೇಕರಿ. ಸೇದಿದರೆ ಬಿಸಿಗಾಳಿ. ಆದರೆ ಪಕ್ಕದ ಮನೆಯವರು 'ಏನ್ ಸಾರ್ ಘಮ' ಅಂತಾರೆ! — ಚಿಂತಾಮಣಿ

ಉತ್ತರ: ಪಕ್ಕದ ಮನೆಯವರಿಗಾಗಿ ದುಡ್ಡು ಕೊಟ್ಟಿದ್ದೀರಿ. ಇದರಲ್ಲಿ ಎಲೆ ಸಾಮಾನ್ಯವಾಗಿ ಕ್ಯಾವೆಂಡಿಷ್. ಅದು ತಳಿಯಲ್ಲ, ಹದ ಮಾಡುವ ವಿಧಾನ: ವರ್ಜೀನಿಯಾ ಅಥವಾ ಬರ್ಲಿ (ಗಾಳಿಗೆ ಒಣಗಿಸುವ ಇನ್ನೊಂದು ತಂಬಾಕು) ಎಲೆಗೆ ಹಬೆ ಕೊಟ್ಟು, ಒತ್ತಿ, ಮೆತ್ತಗೆ ಮಾಡುತ್ತಾರೆ. ಎಲೆಯ ಸ್ವಂತ ರುಚಿ ತಗ್ಗುತ್ತದೆ, ಹಾಕಿದ ಪರಿಮಳವನ್ನು ಹೀರಿಕೊಳ್ಳುತ್ತದೆ. ವೆನಿಲ್ಲಾ, ಚೆರ್ರಿ, ರಮ್ ಎಲ್ಲ ಕೊನೆಯಲ್ಲಿ ಮೇಲಿಂದ ಸಿಂಪಡಿಸುವಂಥದ್ದು, ಕೆಂಡ ತಾಗಿದ ಕೂಡಲೇ ಹಾರಿಹೋಗುತ್ತದೆ. ಒಣಗದಿರಲಿ ಅಂತ ಪ್ರೊಪಿಲೀನ್ ಗ್ಲೈಕಾಲ್ ಕೂಡ ಹಾಕಿರುತ್ತಾರೆ, ಅದಕ್ಕೇ ಎಷ್ಟು ಹೊತ್ತು ಹರಡಿಟ್ಟರೂ ಇದು ಅಂಟಂಟು. ಬೆಲೆ ಕಟ್ಟುವಾಗ ಪರಿಮಳ ಹಾರಿದ ಮೇಲೆ ಉಳಿದದ್ದನ್ನು ನೋಡಿ. ಏನೂ ಉಳಿಯಲಿಲ್ಲ ಅಂದರೆ ಅದೇ ತೀರ್ಪು.

ಪ್ರಶ್ನೆ: ಇಂಟರ್‌ನೆಟ್‌ನಲ್ಲಿ 'ಪ್ಲಮ್, ಅಂಜೂರದ ಪಾಯಸ, ಹಳೆಯ ಚರ್ಮದ ಕುರ್ಚಿ' ಅಂತೆಲ್ಲ ಬರೆಯುತ್ತಾರೆ. ನನಗೆ ಒಂದೂ ಸಿಗುತ್ತಿಲ್ಲ. ನನ್ನ ನಾಲಿಗೆಯೇ ಸರಿಯಿಲ್ಲವಾ? — ತುಮಕೂರು, ಎಪಿಎಂಸಿ ಹತ್ತಿರದ ಅಂಗಡಿಯವರು

ಉತ್ತರ: ತುಮಕೂರಿನ ಹುಣಸೆ ಮಂಡಿಯ ಪಕ್ಕ ಕೂತು ಪ್ಲಮ್ ಹಣ್ಣು ಯಾಕೆ ಹುಡುಕುತ್ತೀರಿ! ಅವರು ಪ್ಲಮ್ ಅನ್ನೋದು ಹೆಚ್ಚಾಗಿ ಪೆರೀಕ್ ಎಲೆಗೆ. ಅಮೆರಿಕದ ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್ ಅನ್ನುವ ಸಣ್ಣ ಜಾಗದ ಎಲೆ ಅದು. ಪೀಪಾಯಿಗೆ ತುಂಬಿ, ಮೇಲೆ ಭಾರ ಹೇರಿ, ತನ್ನ ರಸದಲ್ಲೇ ತಿಂಗಳುಗಟ್ಟಲೆ ಹುದುಗಲು ಬಿಡುತ್ತಾರೆ. ಹುಳಿ, ಹಿಂದೆಯೇ ಮೂಗಿಗೆ ಮೆಣಸಿನ ಚುರುಕು. ನಿಮಗೆ ಅದು ಹಳೇ ಹುಣಸೆ ಅನ್ನಿಸಿದರೆ ಹಳೇ ಹುಣಸೆ ಅಂತಲೇ ಬರೆದಿಡಿ. ವರ್ಜೀನಿಯಾಗೆ ಒಣಹುಲ್ಲು, ಬರ್ಲಿಗೆ ಹುರಿದ ಕಡಲೆಕಾಯಿ, ಇವು ಪಾವಗಡ, ಮಧುಗಿರಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮೊದಲು ನೀವು ಬರೆಯಿರಿ, ಆಮೇಲೆ ಬೇರೆಯವರದ್ದು ಓದಿ. ಮೊದಲೇ ಓದಿದರೆ ಇಲ್ಲದ ಚರ್ಮದ ಕುರ್ಚಿಯೂ ಬಾಯಿಗೆ ಬರುತ್ತದೆ.

ಪ್ರಶ್ನೆ: ನಿಮ್ಮ ಅಂಕಣ ತೋರಿಸಿ ನಮ್ಮ ಮನೆಯವರು 'ಪೈಪ್ ಹೊಗೆ ಒಳಗೆ ಎಳೆಯಲ್ಲ, ಏನೂ ಆಗಲ್ಲ' ಅಂತಾರೆ. ನಿಮಗೆ ನಾಚಿಕೆ ಆಗಲ್ವಾ? — ಕೋಲಾರದ ಗೃಹಿಣಿ

ಉತ್ತರ: ಬೈದದ್ದು ಸರಿ. ಅವರು ಹೇಳೋದು ಸುಳ್ಳು ಅಂತ ನನ್ನ ಹೆಸರು ಹೇಳಿಯೇ ಹೇಳಿ. ಎದೆಗೆ ಇಳಿಸದಿದ್ದರೂ ತುಟಿ, ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗೆ ಪೈಪ್ ದಾರಿ. ಶ್ವಾಸಕೋಶವೂ ತಪ್ಪಿಸಿಕೊಳ್ಳುವುದಿಲ್ಲ, ಅದೇ ಕೋಣೆಯ ಗಾಳಿಯನ್ನೇ ತಾನೇ ಉಸಿರಾಡೋದು, ಅವರೂ ನೀವೂ ಮಕ್ಕಳೂ. ಚಟವೂ ಹತ್ತುತ್ತದೆ. ಬರ್ಲಿ ತರಹದ ಎಲೆಯ ಹೊಗೆ ಕ್ಷಾರದ ಗುಣದ್ದು, ಅದರ ನಿಕೋಟಿನ್ ಕೆನ್ನೆಯ ಒಳಚರ್ಮದಿಂದಲೇ ರಕ್ತಕ್ಕೆ ಹೋಗುತ್ತದೆ. ಸೇದದವರು ಶುರು ಮಾಡಬೇಡಿ. ಸೇದುವವರಿಗೆ ರುಚಿ ನೋಡುವ ಕ್ರಮ ಹೇಳಬಲ್ಲೆ, ಅಪಾಯವಿಲ್ಲದ ಕ್ರಮ ಹೇಳೋಕೆ ಅಂಥದ್ದು ಇಲ್ಲ.

ಪ್ರಶ್ನೆ: ನನಗೆ 19. ಮೊದಲ ಪೈಪಿಗೆ ಯಾವ ಬ್ಲೆಂಡ್ ಒಳ್ಳೆಯದು? — ಚಿಕ್ಕಬಳ್ಳಾಪುರ

ಉತ್ತರ: ಯಾವುದೂ ಇಲ್ಲ. ಕರ್ನಾಟಕದಲ್ಲಿ 2025ರಿಂದ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. 21 ಆದಮೇಲೂ ಮೇಲಿನ ಉತ್ತರ ಮತ್ತೊಮ್ಮೆ ಓದಿ.

ಪ್ರಶ್ನೆ: ಜೋಳದ ದಿಂಡಿನ ಪೈಪ್ ಸಿಗುತ್ತಂತೆ. ನಮ್ಮ ಹೊಲದಲ್ಲೇ ಮುಸುಕಿನ ಜೋಳ ಇದೆ, ಕೊರೆದು ಮಾಡಿಕೊಳ್ಳಬಹುದಾ? — ಗೌರಿಬಿದನೂರು

ಉತ್ತರ: ಮಾಡಬಹುದು, ಬೇಗ ಸುಟ್ಟು ತೂತಾಗುತ್ತದೆ. ಅಮೆರಿಕದಲ್ಲಿ ಮಿಸೌರಿ ಮೀರ್‌ಷಾಮ್ ಅನ್ನುವ ಕಂಪನಿ 1869ರಿಂದ ಇದೇ ಕೆಲಸ ಮಾಡುತ್ತಿದೆ, ಅವರು ಬಳಸೋದು ಇದಕ್ಕೇ ಬೆಳೆಸಿದ ದಪ್ಪ, ಗಟ್ಟಿ ದಿಂಡು, ಅದನ್ನೂ ಬಹಳ ಕಾಲ ಒಣಗಿಸಿ. ನಮ್ಮ ಜೋಳ ಕಾಳಿಗೆ ಬೆಳೆದದ್ದು. ಆದರೆ ದಿಂಡಿನ ಪೈಪ್ ರುಚಿ ಪರೀಕ್ಷೆಗೆ ಬಹಳ ಒಳ್ಳೆಯದು. ಅಗ್ಗ, ಪಳಗಿಸುವ ರಗಳೆ ಇಲ್ಲ. ಲಟಾಕಿಯಾಗೆ ಒಂದು, ಮಿಕ್ಕದ್ದಕ್ಕೆ ಒಂದು ಇಟ್ಟುಕೊಳ್ಳಿ, ಲಟಾಕಿಯಾ ಒಮ್ಮೆ ಹೊಕ್ಕ ಪೈಪಿನಲ್ಲಿ ಬೇರೆ ಎಲೆಯ ರುಚಿ ನೋಡಲು ಆಗುವುದಿಲ್ಲ.

ಪ್ರಶ್ನೆ: ಹುಣಸೂರಿನ ನೆಂಟರು ಬೇಯಿಸಿದ ತಂಬಾಕು ಬೆಳೆಯುತ್ತಾರೆ. ಅವರ ಎಲೆಗೆ ನಮ್ಮಮ್ಮನ ಎಲೆಅಡಿಕೆ ಹೊಗೆಸೊಪ್ಪು ಸೇರಿಸಿ ಸ್ವಂತ ಬ್ಲೆಂಡ್ ಮಾಡಬೇಕು ಅಂತ ಆಸೆ. — ಶಿರಾ

ಉತ್ತರ: ಹೊಗೆಸೊಪ್ಪು ಬೇಡ. ಅದು ಜಗಿಯೋಕೆ ಅಂತ ಹದ ಮಾಡಿದ್ದು, ನಿಕೋಟಿನ್ ಜಾಸ್ತಿ, ಹೊಗೆ ಕಾರವಾಗಿರುತ್ತದೆ, ಬಿಕ್ಕಳಿಕೆ ಬಂದು ಬೆವರಿ ಕೂರುತ್ತೀರಿ. ಅಮ್ಮನೂ ಬಿಟ್ಟರೆ ಒಳ್ಳೆಯದು.

ಹುಣಸೂರು, ಪಿರಿಯಾಪಟ್ಟಣದ ಎಲೆ ನಿಜವಾದ ವರ್ಜೀನಿಯಾನೇ. ಬ್ಯಾರನ್‌ನಲ್ಲಿ (ಎಲೆ ಬೇಯಿಸುವ ಮನೆ) ಕೊಳವೆಯ ಬಿಸಿಗೆ ಒಣಗುವಾಗ ಎಲೆಯ ಪಿಷ್ಟ ಸಕ್ಕರೆಯಾಗಿ ಅಲ್ಲೇ ನಿಲ್ಲುತ್ತದೆ, ಅದಕ್ಕೇ ಆ ಸಿಹಿ. ಆದರೆ ಬ್ಯಾರನ್‌ನಿಂದ ಇಳಿದ ಎಲೆ ಹಾಗೇ ಸೇದುವಂಥದ್ದಲ್ಲ, ಹಸಿ ಘಾಟು. ಕಂಪನಿಗಳು ವರ್ಷ ಎರಡು ವರ್ಷ ಮಾಗಿಸುತ್ತವೆ. ಅಲ್ಲದೆ ನಿಮ್ಮ ನೆಂಟರು ತಂಬಾಕು ಮಂಡಳಿಯಲ್ಲಿ ನೋಂದಾಯಿಸಿದ ಬೆಳೆಗಾರರು, ಅವರ ಎಲೆ ಹರಾಜು ಕಟ್ಟೆಗೆ ಹೋಗಬೇಕಾದದ್ದು. ನೆಂಟಸ್ತಿಕೆಯ ಮೇಲೆ ಒಂದು ಚೀಲ ಎತ್ತಿಕೊಂಡು ಬಂದು ಅವರಿಗೆ ತೊಂದರೆ ಕೊಡಬೇಡಿ.

ಬ್ಲೆಂಡ್ ಮಾಡಲೇಬೇಕು ಅಂದರೆ ಕೊಂಡ ತಂಬಾಕಿನಲ್ಲೇ ಮಾಡಿ. ಬರೀ ವರ್ಜೀನಿಯಾ ಇರುವ ಒಂದು ಡಬ್ಬಿ, ಬರೀ ಬರ್ಲಿ ಇರುವ ಒಂದು. ಮೊದಲು ಎರಡನ್ನೂ ಬೇರೆ ಬೇರೆ ಸೇದಿ ರುಚಿ ಮನಸ್ಸಿಗೆ ಹತ್ತಿಸಿಕೊಳ್ಳಿ. ಆಮೇಲೆ ಅಕ್ಕಸಾಲಿಗರ ತಕ್ಕಡಿಯಂಥದ್ದರಲ್ಲಿ ತೂಗಿ ಒಂಬತ್ತು ಪಾಲು ವರ್ಜೀನಿಯಾಗೆ ಒಂದು ಪಾಲು ಬರ್ಲಿ ಬೆರೆಸಿ, ಮುಚ್ಚಿದ ಬಾಟಲಿಯಲ್ಲಿ ಎರಡು ವಾರ ಬಿಡಿ, ತೇವ ಎರಡಕ್ಕೂ ಸಮನಾಗಲಿ. ಬಾಟಲಿ ಮೇಲೆ ತೂಕ, ತಾರೀಖು ಬರೆದು ಅಂಟಿಸಿ. ಬರ್ಲಿ ಹೆಚ್ಚಿಸುವುದಿದ್ದರೆ ಹೊಸ ಬಾಟಲಿಯಲ್ಲಿ ಹೆಚ್ಚಿಸಿ, ಇದ್ದದ್ದಕ್ಕೇ ಸುರಿಯಬೇಡಿ.